ಲೆಕ್ಕಕ್ಕೆ ಸಿಗದ ಎಂಟು ಕಿಲೋ

ಸಿಕಂದರಾಬಾದ
8 ಜುಲೈ 2002

ಅಪ್ಪಾ, ನನಗೆ ನೌಕರಿ ಸಿಕ್ಕಿತು! ಜೈಭೀಮ್, ಕ್ಷೇಮ ಸಮಾಚಾರ ಎಲ್ಲ ಆಮೇಲೆ. ಮೊದಲು ಇದನ್ನು ಅವ್ವನಿಗೆ ಓದಿ ಹೇಳು. ಆಕೆ ಒಲೆಯ ಮುಂದೆ ಕೂತಿದ್ದರೆ ಎಬ್ಬಿಸಿ ಹೇಳು. ಮಜೀದಸಾಬರ ಅಂಗಡಿಗೆ ಫೋನ್ ಮಾಡಬಹುದಿತ್ತು. ಆದರೆ ಅಲ್ಲಿ ನೀನು "ಹಾಂ, ಹಾಂ, ಆಯ್ತು" ಅಂದು ಇಟ್ಟುಬಿಡುತ್ತಿ, ಅರ್ಧ ಶಹಾಬಾದ ಕಿವಿಗೊಟ್ಟು ನಿಂತಿರುತ್ತದೆ. ಪತ್ರವೇ ಒಳ್ಳೆಯದು. ಇಂಗ್ಲಿಷ್ ಶಾಲೆಯಲ್ಲಿ ಓದಿದವಳ ಒತ್ತಕ್ಷರ ನೋಡಿ ನಗಬೇಡ ಅಷ್ಟೆ.

ಮದುವೆಯಾಗಿ ಏಳು ವಾರ, ನೌಕರಿಯಾಗಿ ಒಂದು ದಿನ! ನಿನ್ನ ಅಳಿಯ ನಿನ್ನೆ ಇಡೀ ರೈಲ್ವೆ ಕ್ವಾರ್ಟರ್ಸಿಗೆ ಜಿಲೇಬಿ ಹಂಚಿದರು. "ಗೂಡ್ಸ್ ಆಫೀಸಿನ ಗುಮಾಸ್ತನ ಹೆಂಡತಿ ಇಂಜಿನಿಯರ್ ಅಂತ ಗೊತ್ತಾಗಲಿ" ಎಂದು ಮೀಸೆ ತಿರುವಿದರು. ಚಂದಾಪುರದಲ್ಲಿರುವ ಅತ್ತೆಯವರಿಗೆ ಆಗಲೇ ಕಾರ್ಡ್ ಬರೆದಿದ್ದಾರೆ.

ಕೆಲಸ ಏನು ಗೊತ್ತೇ? ನಮ್ಮದು ಹದಿನೆಂಟು ಜನರ ಪುಟ್ಟ ಆಫೀಸು. ರೈಲಿನ ಬೋಗಿಯ ಬಾಗಿಲು, ಸೀಟು, ನೆಲದ ಹಲಗೆ ಇಂಥವುಗಳ ನಕ್ಷೆ ಮಾಡಿ ಪರದೇಶದ ಒಂದು ಬೋಗಿ ಕಂಪನಿಗೆ ಕಳಿಸುತ್ತಾರೆ. ಆ ಕಂಪನಿಯವರು ಈಗ ಹೊಸ ಹಟ ಹಿಡಿದಿದ್ದಾರೆ: ಪ್ರತಿ ಭಾಗವೂ ಯಾವ ಗಣಿಯಿಂದ ಬಂತು, ಮಾಡುವಾಗ ಎಷ್ಟು ಹೊಗೆ ಬಿಟ್ಟಿತು, ಸವೆದಾಗ ಮಣ್ಣಿಗೆ ನೀರಿಗೆ ಏನು ಬೆರೆಸಿತು, ಗುಜರಿಗೆ ಹೋದ ಮೇಲೆ ಏನಾಯಿತು, ಎಲ್ಲ ಹೇಳಬೇಕಂತೆ. ಅದಕ್ಕೊಂದು ತಂತ್ರಾಂಶ, ಅಂದರೆ ಸಾಫ್ಟ್‌ವೇರ್, ಸಿ.ಡಿ.ಯಲ್ಲಿ ಬಂದಿದೆ. ಯಾವ ಮಾಲು, ಎಷ್ಟು ಕಿಲೋ ಎಂದು ತುಂಬಿದರೆ ಸಾಕು, ಅದು ಹಸಿರು, ಹಳದಿ, ಕೆಂಪು ಬಣ್ಣ ತೋರಿಸುತ್ತದೆ. ನಮ್ಮ ಮನೆಯಲ್ಲಿ ಮದುವೆಗೂ ಜಾತಕ ನೋಡಲಿಲ್ಲ. ಈಗ ಕಬ್ಬಿಣದ ತುಂಡುಗಳಿಗೆ ಜಾತಕ ಬರೆಯುವುದೇ ನನ್ನ ಕೆಲಸ!

ನಮ್ಮ ನಂದಕಿಶೋರ್ ಸರ್ ಸೇಡಂ ಕಡೆಯವರು, ಮಾತು ಕೇಳಿದ ಕೂಡಲೇ ಗೊತ್ತಾಯಿತು. "ಮೊದಲ ನಿಮಗ ಗೊತ್ತಿದ್ದ ಒಂದು ವಸ್ತು ತಗೊಂಡು ಕಲೀರಿ" ಎಂದರು. ನನಗೆ ಗೊತ್ತಿರುವ ರೈಲಿನ ವಸ್ತು ಯಾವುದು? ನನ್ನ ಅಪ್ಪನ ಬ್ರೇಕ್ ಬ್ಲಾಕ್! ನಿಮ್ಮ ಕಾರ್ಖಾನೆಯ ಮಾಲಿನ ಪಟ್ಟಿ ತೂಕದ ಸಮೇತ ಬರೆದು ಕಳಿಸು.

ಅವ್ವ ಕೊಟ್ಟ ಕೌದಿಯನ್ನೇ ಹೊದೆಯುತ್ತೇವೆ. ಒಳಗೆ ಹಾಕಿದ ನಿಮ್ಮ ಕಾರ್ಖಾನೆಯ ಗೋಣಿ ಎಷ್ಟು ಬೆಚ್ಚಗೆಂದರೆ, ನಿನ್ನ ಅಳಿಯ ಅದನ್ನು ಬಿಟ್ಟು ಏಳುವುದೇ ಇಲ್ಲ.

ನಿನ್ನ ಕೆಮ್ಮು ಹೋಯಿತೇ? ಮದುವೆಯ ದಿನ ವಿಹಾರದಲ್ಲಿ ಬುದ್ಧವಂದನೆ ಹೇಳುವಾಗ ಮೂರು ಸಲ ಎದ್ದು ಹೊರಗೆ ಹೋದೆ. ಊದುಬತ್ತಿಯ ಹೊಗೆ ಅಂದೆ. ನಾನು ನೋಡಿದೆ.

ನಿನ್ನ ಕರುಣಾ


ಶಹಾಬಾದ
17 ಜುಲೈ 2002

ಚಿ. ಸೌ. ಕರುಣಾಳಿಗೆ ನಿಮ್ಮಪ್ಪ ಜಗದೇವಪ್ಪನ ಆಶೀರ್ವಾದ. ನಾವು ಕ್ಷೇಮ.

ನಿನ್ನ ಪತ್ರವನ್ನು ನಿಮ್ಮವ್ವ ಹಣಮವ್ವ ಮೂರು ಸಲ ಓದಿಸಿದಳು. ನಾಲ್ಕನೆಯ ಸಲ ಗುಲಾಮ ದಸ್ತಗೀರ ಬಂದಾಗ ಅವನ ಮುಂದೆ ಓದಿಸಿದಳು. ಅವನು "ಜಗ್ಗಪ್ಪ, ನಾವು ಇಬ್ರು ಇಪ್ಪತ್ತೆರಡು ವರ್ಷ ಡ್ರಮ್ ತಿರುಗಿಸಿದ್ದು ಸಾರ್ಥಕ ಆಯ್ತು ನೋಡು, ಹುಡುಗಿ ಆಫೀಸಿನಾಗ ಕುಂತಾಳ" ಎಂದು ನಕ್ಕ.

ಮಾಲಿನ ಪಟ್ಟಿ ಕೇಳಿದ್ದೀ. ಒಂದು ಘಾಣಕ್ಕೆ, ಅಂದರೆ ಡ್ರಮ್ಮಿಗೆ ಒಮ್ಮೆ ಸುರಿಯುವ ಮಾಲಿಗೆ, ಹೀಗೆ: ರಾಳ ಆರು ಕಿಲೋ, ರಬ್ಬರ್ ಪುಡಿ ನಾಲ್ಕು, ಕಬ್ಬಿಣದ ಪುಡಿ ಹನ್ನೆರಡು, ಮಸಿ ಎರಡು, ಭಾರದ ಕಲ್ಲಿನ ಪುಡಿ ಎಂಟು. ಅಚ್ಚಿಗೆ ಹಾಕಿ ಬಿಸಿ ಒತ್ತಿದರೆ ಹತ್ತು ಬ್ಲಾಕ್ ಆಗುತ್ತವೆ, ಒಂದೊಂದು ನಾಲ್ಕು ಕಿಲೋ. ಅವು ಕಲ್ಲು, ಸಿಮೆಂಟು ಸಾಗಿಸುವ ಹಳೆಯ ವ್ಯಾಗನ್ನುಗಳಿಗೆ ಹೋಗುತ್ತವೆ. ಇಷ್ಟೇ. ಇದನ್ನು ಆಫೀಸು ಬಿಟ್ಟು ಬೇರೆ ಯಾರಿಗೂ ತೋರಿಸಬೇಡ.

ಕೆಮ್ಮು ಇಲ್ಲ. ಅಳಿಯಂದಿರಿಗೆ ಜೈಭೀಮ್ ಹೇಳು.


ಸಿಕಂದರಾಬಾದ
5 ಆಗಸ್ಟ್ 2002

ಪ್ರೀತಿಯ ಅಪ್ಪಾ,

ಹಸಿರು! ನಿನ್ನ ಬ್ರೇಕ್ ಬ್ಲಾಕ್ ಹಸಿರು! ಇದರೊಳಗೆ ಬಣ್ಣದ ಕಾಗದ ಇಟ್ಟಿದ್ದೇನೆ, ಮಡಿಕೆ ಬಿಚ್ಚುವಾಗ ನಿಧಾನ. ಮೇಲ್ಗಡೆ ದೊಡ್ಡ ಅಕ್ಷರದಲ್ಲಿ ನಿನ್ನ ಹೆಸರೇ ಹಾಕಿದ್ದೇನೆ: ಜಗದೇವಪ್ಪ ಬ್ರೇಕ್ ಬ್ಲಾಕ್, ಶಹಾಬಾದ. ಕೆಳಗಿನ ಉದ್ದ ಹಸಿರು ಪಟ್ಟಿ ನೋಡು. ಕಬ್ಬಿಣದ ಪುಡಿಗೆ ಸ್ವಲ್ಪ ಹಳದಿ ಬಂದಿದೆ, ಅದೇನೂ ದೊಡ್ಡದಲ್ಲ. ಪರದೇಶದವರ ಬಾಗಿಲಿಗೇ ಕೆಂಪು ಬಂದಿತ್ತು, ನಮ್ಮ ಶಹಾಬಾದಿನ ಮಾಲಿಗೆ ಹಸಿರು!

ಒಂದು ತಮಾಷೆ ಕೇಳು. ನಿನ್ನ ಪಟ್ಟಿ ಕೂಡಿಸಿದರೆ ಮೂವತ್ತೆರಡೇ ಕಿಲೋ ಆಗುತ್ತದೆ, ಹತ್ತು ಬ್ಲಾಕಿಗೆ ನಲವತ್ತು ಬೇಕು. ಎಂಟು ಕಿಲೋ ಎಲ್ಲಿ ಹೋಯಿತು, ಮೇಸ್ತ್ರಿ? ತೂಕ ಹೊಂದದೆ ತಂತ್ರಾಂಶ ಮುಂದೆ ಹೋಗಲು ಬಿಡುವುದಿಲ್ಲ. ಆದರೆ ಅದರಲ್ಲೇ ಒಂದು ಗುಂಡಿ ಇದೆ, ಕೊರತೆಯನ್ನು ಉಳಿದ ಮಾಲುಗಳ ಮೇಲೆ ಸಮನಾಗಿ ಹಂಚಿಬಿಡುತ್ತದೆ. ಒತ್ತಿದೆ, ಸರಿಹೋಯಿತು. ನಿನಗೆ ವಯಸ್ಸಾಯಿತು, ಕೂಡಿಸುವುದು ಮರೆತಿದ್ದಿ ಎಂದು ನಿನ್ನ ಅಳಿಯನ ಮುಂದೆ ನಿನ್ನನ್ನು ಗೇಲಿ ಮಾಡಿದೆ. ಸಿಟ್ಟಾಗಬೇಡ!

ಇಲ್ಲಿ ದಿನವೂ ಮಳೆ. ಆಫೀಸಿನ ಏಸಿಯಲ್ಲಿ ಚಳಿ ಹಿಡಿಯುತ್ತದೆ, ಕೌದಿ ಒಯ್ಯಲೇ ಎಂದು ಕೇಳಿದರೆ ಎಲ್ಲರೂ ನಕ್ಕರು.

ಕರುಣಾ


ಶಹಾಬಾದ
9 ಸೆಪ್ಟೆಂಬರ್ 2002

ಚಿ. ಸೌ. ಕರುಣಾಳಿಗೆ ಆಶೀರ್ವಾದ.

ನಿನ್ನ ಹಸಿರು ಕಾಗದ ನನ್ನ ಹತ್ತಿರ ಇಲ್ಲ. ಮಾಲಕರು ಇಸಿದುಕೊಂಡರು. ಪ್ಲಾಸ್ಟಿಕ್ ಹಾಕಿಸಿ ಡ್ರಮ್ ಖೋಲಿಯ ಬಾಗಿಲ ಮೇಲೆ ಮೊಳೆ ಹೊಡೆದಿದ್ದಾರೆ. ಎಲ್ಲರಿಗೂ ಪೇಢೆ ಹಂಚಿದರು. ನನ್ನ ಹೆಗಲ ಮೇಲೆ ಕೈ ಇಟ್ಟರು. ಇಷ್ಟು ವರ್ಷದಲ್ಲಿ ಇದೇ ಮೊದಲು.

ನಿನಗೆ ಹೇಳಿರಲಿಲ್ಲ, ಖೋಲಿಯ ಧೂಳು ಎಳೆಯುವ ದೊಡ್ಡ ಪಂಖಾ ಹಾಕಿಸಿ ಎಂದು ನಾವು ಹದಿನೈದು ಜನ ಅರ್ಜಿ ಕೊಟ್ಟಿದ್ದೆವು. ದಸರೆಯೊಳಗೆ ಹಾಕಿಸುತ್ತೇನೆ ಎಂದಿದ್ದರು. ಈಗ ದಸ್ತಗೀರ ನೆನಪು ಮಾಡಿದರೆ, ಬಾಗಿಲ ಕಡೆ ಬೊಟ್ಟು ಮಾಡಿ "ನಿಮ್ಮ ಹುಡುಗಿಯ ಕಂಪ್ಯೂಟರೇ ಪಾಸ್ ಮಾಡ್ಯಾದ, ಇನ್ನ ಪಂಖಾ ಯಾತಕ್ಕ?" ಎಂದರು. ಎಲ್ಲರೂ ನಕ್ಕರು. ದಸ್ತಗೀರನೂ ನಕ್ಕ, ನಕ್ಕು ಗೋಡೆ ಹಿಡಿದು ಬಹಳ ಹೊತ್ತು ನಿಂತ. ಅವನಿಗೆ ಟಿ.ಬಿ. ಎಂದು ಎರಡನೆಯ ಸಲ ಗುಳಿಗೆ ಕೊಟ್ಟಿದ್ದಾರೆ.

ಕೂಡಿಸುವುದು ನಾನು ಮರೆತಿಲ್ಲ. ಅದು ಇರಲಿ, ಬಿಡು.

ಅವ್ವ ತವರೂರು ಆಡಕಿಗೆ ಹೋಗಿ ಬಂದಳು. ಹೊಸ ಹೆಸರು ಬೇಳೆ ಕಳಿಸುತ್ತಾಳೆ.


ಸಿಕಂದರಾಬಾದ
20 ಅಕ್ಟೋಬರ್ 2002

ಅಪ್ಪಾ,

ಈ ಪತ್ರದ ಮೊದಲ ಸಾಲು ಅವ್ವನಿಗೆ. ಅವ್ವಾ, ನೀನು ಅಜ್ಜಿ ಆಗುತ್ತೀ! ಅಪ್ಪನಿಗೆ ಹೇಳಲು ನನಗೆ ನಾಚಿಕೆ, ಆದರೆ ಓದುತ್ತಿರುವವನು ಅವನೇ, ಏನು ಮಾಡಲಿ! ಜೂನ್ ಎಂದು ಡಾಕ್ಟರಮ್ಮ ಹೇಳಿದರು. ಏಳನೆಯ ತಿಂಗಳ ಕುಬಸಕ್ಕೆ, ಬಾಣಂತನಕ್ಕೆ ಎಲ್ಲ ನಿನ್ನ ಹತ್ತಿರವೇ ಬರುತ್ತೇನೆ. ನಿನ್ನ ಅಳಿಯ ಈಗಿನಿಂದಲೇ ನನಗೆ ಕೊಡ ಎತ್ತಲು ಬಿಡುತ್ತಿಲ್ಲ.

ಅಪ್ಪಾ, ಇನ್ನು ನಿನಗೆ. ನಿನ್ನ ಪಂಖಾದ ಸುದ್ದಿ ಓದಿ ಮುಖ ಕೆಂಪಾಯಿತು. ನಾನು ಕಲಿಯಲು ಮಾಡಿದ ಹಾಳೆ ಅದು, ಗೋಡೆಗೆ ಹೊಡೆಯಲು ಮಾಡಿದ್ದಲ್ಲ. ದಯವಿಟ್ಟು ಅದನ್ನು ತೆಗೆಸು. ಇಷ್ಟು ದಿನ ಬರೆಯದೆ ಇದ್ದದ್ದು ಅದಕ್ಕೇ, ಹೇಗೆ ಹೇಳಲಿ ಎಂದು ತಿಳಿಯಲಿಲ್ಲ.

ಮೊನ್ನೆ ನಂದಕಿಶೋರ್ ಸರ್ ನನ್ನ ಹಳೆಯ ಕೆಲಸಗಳನ್ನು ನೋಡುತ್ತಾ ನಿನ್ನ ಬ್ಲಾಕಿನ ಹತ್ತಿರ ನಿಂತುಬಿಟ್ಟರು.

"ಕರುಣಾ, ಈ ಎಂಟು ಕಿಲೋ ನೀವು ಹಂಚೀರಿ ಯಾಕ?"

"ಅಪ್ಪ ಕೂಡಿಸೂದು ತಪ್ಪಿದ್ರು ಸರ್."

"ನಿಮ್ಮಪ್ಪ ಎಷ್ಟು ವರ್ಷದಿಂದ ತೂಕ ಮಾಡ್ತಾರ?"

"ಇಪ್ಪತ್ತೆರಡು."

ಅವರು ಕನ್ನಡಕ ತೆಗೆದರು. "ಒಲಿ ಮ್ಯಾಲಿನ ಹಾಲು ಕಮ್ಮಿ ಆಗ್ತದವ್ವ, ಹೆಚ್ಚಾಗಂಗಿಲ್ಲ. ಮೂವತ್ತೆರಡು ಹಾಕಿದ್ರ ನಲವತ್ತು ಹ್ಯಾಂಗ ಬರ್ತದ? ಅವರು ತಪ್ಪಿಲ್ಲ, ಏನೋ ಬಿಟ್ಟಾರ. ಏನು ಬಿಟ್ಟಾರ ಕೇಳ್ರಿ."

ಏನು ಬಿಟ್ಟಿದ್ದಿ, ಅಪ್ಪಾ? ಬ್ಲಾಕ್ ಒಡೆಯದಂತೆ ಹಿಡಿಯಲು ಏನೋ ಒಂದು ಬೇಕೇ ಬೇಕಂತೆ. ಬೇಗ ಬರೆ. ನಾನು ಹೆದರಿಲ್ಲ, ಸುಮ್ಮನೆ ಕೇಳುತ್ತಿದ್ದೇನೆ.

ಕರುಣಾ


ಶಹಾಬಾದ
1 ನವೆಂಬರ್ 2002

ಚಿ. ಸೌ. ಕರುಣಾಳಿಗೆ ಅನೇಕ ಆಶೀರ್ವಾದ.

ನಿಮ್ಮವ್ವ ಸುದ್ದಿ ಕೇಳಿ ಮೊದಲು ಅತ್ತಳು, ಆಮೇಲೆ ಓಣಿಗೆಲ್ಲ ಸಕ್ಕರೆ ಹಂಚಿದಳು. ಅಂದಿನಿಂದ ಸೂಜಿ ಕೆಳಗೆ ಇಟ್ಟಿಲ್ಲ. ಕೂಸಿಗೆ ಸಣ್ಣ ಕೌದಿ ಹೊಲಿಯುತ್ತಿದ್ದಾಳೆ. ಮೇಲೆ ಆಕೆಯ ಮದುವೆಯ ಸೀರೆ, ಒಳಗೆ ನಾನು ಕಾರ್ಖಾನೆಯಿಂದ ತಂದ ಹೊಸ ಚೀಲಗಳು. ಈ ಸಲದ ಚೀಲಗಳ ಒಳಮೈ ಬಹಳ ಮೆತ್ತಗಿದೆ. ಹಿತ್ತಲ ಫರಸಿ ಕಲ್ಲಿಗೆ ಬಡಿದು ಬಡಿದು ಝಾಡಿಸುತ್ತಾಳೆ, ಮನೆಯೆಲ್ಲ ಬೆಳ್ಳಗೆ. ನಿನ್ನನ್ನೂ ಹೀಗೆಯೇ ಗೋಣಿ ಕೌದಿಯಲ್ಲಿ ಸುತ್ತಿ ಮಲಗಿಸುತ್ತಿದ್ದಳು.

ಪಟ್ಟಿಯ ವಿಷಯ ಮತ್ತೆ ಕೇಳಬೇಡ. ಕೆಲಸಕ್ಕೆ ಸೇರಿದ ದಿನ ಮಾಲಕರ ತಂದೆಗೆ ಮಾತು ಕೊಟ್ಟಿದ್ದೇನೆ. ಮಾತು ಕೊಟ್ಟ ಮೇಲೆ ಮುಗಿಯಿತು.

ಹಾಳೆ ತೆಗೆಯಿರಿ ಎಂದು ಮಾಲಕರಿಗೆ ಹೇಳಲು ನನಗೆ ಧೈರ್ಯ ಸಾಲಲಿಲ್ಲ. ದಸ್ತಗೀರ ಈಗ ಕೆಲಸಕ್ಕೆ ಬರುತ್ತಿಲ್ಲ.

ನೀನು ಚೆನ್ನಾಗಿ ಉಣ್ಣು.


ಸಿಕಂದರಾಬಾದ
12 ನವೆಂಬರ್ 2002

ಅಪ್ಪಾ,

ಅವ್ವನಿಗೆ ಹೇಳು, ಕೂಸಿಗೆ ಕೌದಿ ಬೇಡ. ಇಲ್ಲಿ ಅಂಗಡಿಯಲ್ಲಿ ಉಣ್ಣೆಯ ಹೊದಿಕೆ ಸಿಗುತ್ತವೆ, ಅವೇ ಕೊಂಡಿದ್ದೇನೆ. ಚೀಲಗಳನ್ನು ಬಡಿಯುವುದು ಬೇಡ, ಮನೆಗೆ ತರುವುದೂ ಬೇಡ. ಇಲ್ಲಿಯವರು ಅಂಥವನ್ನು ಬಳಸುವುದಿಲ್ಲ. ಹೊಲಿದದ್ದಿದ್ದರೆ ಹಾಗೆಯೇ ಒಂದು ಕಡೆ ಇಡಲಿ, ಬಿಚ್ಚದಿರಲಿ.

ನನಗೆ ಏನೂ ಆಗಿಲ್ಲ. ಸ್ವಲ್ಪ ವಾಂತಿ, ಅಷ್ಟೆ. ನಿನ್ನ ಕೆಮ್ಮು ಹೇಗಿದೆ? ಖರೆ ಹೇಳು. ಕೆಮ್ಮಿದಾಗ ಏನಾದರೂ ಬೀಳುತ್ತದೆಯೇ? ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತದೆಯೇ? ಅವ್ವನಿಗೆ?

ಬೇಗ ಬರೆ.

ಕರುಣಾ


ಶಹಾಬಾದ
23 ನವೆಂಬರ್ 2002

ಚಿ. ಸೌ. ಕರುಣಾಳಿಗೆ ಆಶೀರ್ವಾದ.

ನಿನ್ನ ಪತ್ರವನ್ನು ಓದಿ ಹೇಳಬಾರದಿತ್ತು. ನಾನು ಓದಿಬಿಟ್ಟೆ. ನಿಮ್ಮವ್ವ ಎರಡು ದಿನ ಸೂಜಿ ಮುಟ್ಟಲಿಲ್ಲ. ಮೂರನೆಯ ದಿನ, "ಗೋಣಿ ಕೌದಿ ಮ್ಯಾಲೇ ಹೊಳ್ಳಾಡಿ ಬೆಳೆದಾಕಿಗಿ ಈಗ ಗೋಣಿ ನಾಚಿಕಿ ಆಯ್ತೇನು? ಸಿಕಂದರಾಬಾದದ ಮಂದಿ ಏನಂತಾರೋ ಅಂತ ತಾಯಿ ಕೈಯಿನ ಹೊಲಿಗಿ ಬ್ಯಾಡ ಅಂತಾಳ" ಎಂದಳು. ನಾನು ಸಮಾಧಾನ ಹೇಳಿದೆ. ಆಕೆ ಹಟಕ್ಕೆ ಬಿದ್ದು ಇನ್ನೂ ಎರಡು ಪದರ ಹಾಕಿ ಮುಗಿಸಿದ್ದಾಳೆ. ಕುಬಸದ ದಿನ ನಿನ್ನ ಮಡಿಲಿಗೇ ಹಾಕುತ್ತಾಳಂತೆ, ಆಗ ಹೇಗೆ ಬೇಡ ಅನ್ನುತ್ತಾಳೆ ನೋಡುತ್ತೇನೆ ಎನ್ನುತ್ತಾಳೆ.

ಹೊಲಿಯುವಾಗ ಸ್ವಲ್ಪ ಕೆಮ್ಮುತ್ತಾಳೆ. ಚಳಿಗಾಲ.

ನಾನು ಆರಾಮ.

ಕರುಣಾ, ನೀನು ದೊಡ್ಡ ಆಫೀಸಿನಲ್ಲಿದ್ದೀ, ನಮಗೆ ಸಂತೋಷ. ಆದರೆ ತಾಯಿಗೆ ನೋವು ಮಾಡಬೇಡ.


ಸಿಕಂದರಾಬಾದ
3 ಡಿಸೆಂಬರ್ 2002

ಅಪ್ಪಾ, ಇದನ್ನು ಒಬ್ಬನೇ ಓದು. ಓದಿದ ಮೇಲೆ ಅವ್ವನಿಗೆ ಹೇಳು.

ನಾಚಿಕೆಯಲ್ಲ. ಸುಳ್ಳು ಹೇಳಿದೆ, ನಿಮಗೆ ಹೆದರಿಕೆ ಆಗಬಾರದೆಂದು. ನನಗೇ ಆಗುತ್ತಿದ್ದ ಹೆದರಿಕೆಯನ್ನು ಏನು ಮಾಡಬೇಕೆಂದು ತಿಳಿಯದೆ.

ನಿನ್ನ ನವೆಂಬರಿನ ಪತ್ರದಲ್ಲಿ 'ಒಳಮೈ ಮೆತ್ತಗಿದೆ, ಮನೆಯೆಲ್ಲ ಬೆಳ್ಳಗೆ' ಎಂದು ಓದಿದಾಗ ನಾನು ಮಂಚದ ಮೇಲೆ ಕೌದಿ ಹೊದ್ದೇ ಕೂತಿದ್ದೆ. ಅಂಚಿನ ಹೊಲಿಗೆ ಒಂದು ಕಡೆ ಸಡಿಲಾಗಿತ್ತು. ಬೆರಳು ಹಾಕಿದೆ. ಹತ್ತಿಯಂಥ ಒಂದು ಬಿಳಿ ಎಳೆಗಂಟು ಬಂತು. ಕಾಗದದಲ್ಲಿ ಮಡಚಿ ಮರುದಿನ ಆಫೀಸಿಗೆ ಒಯ್ದೆ. ನಂದಕಿಶೋರ್ ಸರ್ ಅದನ್ನು ಭೂತಗನ್ನಡಿಯ ಕೆಳಗೆ ಇಟ್ಟು ನೋಡಿದರು. ಎದ್ದು ನಿಂತರು. ಅವರು ಯಾವಾಗಲೂ ತಮಾಷೆ ಮಾಡುವ ಮನುಷ್ಯ. ಅಂದು ಮಾಡಲಿಲ್ಲ.

"ಇದು ಎಲ್ಲಿಂದ ತಂದ್ರಿ?"

"ಮನಿಯಿಂದ್ರಿ ಸರ್. ಹೊದಕೊಳ್ಳೂ ಕೌದಿಯಾಗಿಂದು."

"ಹೊದಕೊಳ್ಳೂದು?" ಎಂದರು. ಆಮೇಲೆ ಮೆತ್ತಗೆ, "ಮೊದಲ ಕೈ ತೊಳಕೋರಿ. ಝಾಡಸಬ್ಯಾಡ್ರಿ, ನೀರು ಬಿಟ್ಟು ತೊಳಕೋರಿ" ಎಂದರು. ನಾನು ಕೈ ತೊಳೆದೆ, ಸೆರಗು ತೊಳೆದೆ, ಮುಖ ತೊಳೆದೆ. ಇನ್ನೇನು ತೊಳೆಯಬೇಕೆಂದು ತಿಳಿಯದೆ ನಲ್ಲಿಯ ಮುಂದೆ ನಿಂತುಬಿಟ್ಟೆ.

ನಮ್ಮ ಕಣ್ಣಿಗೆ ಕಂಡದ್ದೇ ಖಚಿತವಲ್ಲ ಎಂದು ಅದನ್ನು ಪ್ರಯೋಗಶಾಲೆಗೆ ಕಳಿಸಿದರು. ನಿನ್ನೆ ಉತ್ತರ ಬಂತು. ಕಲ್ನಾರು, ಅಪ್ಪಾ. ಅಸ್ಬೆಸ್ಟಾಸ್. ಮನೆಯ ಮೇಲಿನ ಸಿಮೆಂಟ್ ತಗಡಿನಲ್ಲಿ ಬಿಗಿದುಕೊಂಡಿರುತ್ತದಲ್ಲ, ಅದೇ. ನಿನ್ನ ಡ್ರಮ್ಮಿನಲ್ಲಿ ಅದು ಬಿಡಿಬಿಡಿಯಾಗಿ ಹಾರುತ್ತದೆ. ಎದೆಗೆ ಹೋದರೆ ಹೊರಗೆ ಬರುವುದಿಲ್ಲ. ಹದಿನೈದು ವರ್ಷ, ಇಪ್ಪತ್ತು ವರ್ಷ ಸುಮ್ಮನೆ ಕೂತಿದ್ದು ಆಮೇಲೆ ಉಸಿರು ಹಿಡಿಯುತ್ತದೆ. ಟಿ.ಬಿ.ಯಂತೆಯೇ ಕಾಣುತ್ತದೆ, ಟಿ.ಬಿ. ಗುಳಿಗೆಗೆ ಬಗ್ಗುವುದಿಲ್ಲ. ಇದನ್ನು ಓದಿದಾಗ ನನಗೆ ದಸ್ತಗೀರ ಕಾಕಾ ಗೋಡೆ ಹಿಡಿದು ನಿಂತದ್ದು ಕಣ್ಣಿಗೆ ಬಂತು. ಆಮೇಲೆ ನೀನು ವಿಹಾರದಿಂದ ಮೂರು ಸಲ ಎದ್ದು ಹೋದದ್ದು.

ಆ ಎಂಟು ಕಿಲೋ ಇದೇ ತಾನೆ?

ಕಲ್ನಾರು ಎಂದು ತುಂಬಿ, ಎಂಟು ಕಿಲೋ ಬರೆದು ಮತ್ತೆ ಲೆಕ್ಕ ಹಾಕಿದೆ. ಪರದೆ ತುಂಬ ಕೆಂಪು. ನಿಷೇಧಿತ ಪಟ್ಟಿಯಲ್ಲಿ ಮೊದಲ ಹೆಸರೇ ಅದು. ಆದರೆ ನಾನು ಹೆದರಿದ್ದು ಕೆಂಪು ನೋಡಿ ಅಲ್ಲ. ಸಾಲುಗಳನ್ನು ಒಂದೊಂದಾಗಿ ಓದಿದೆ. ಹಳಿ ಪಕ್ಕದ ಮಣ್ಣಿಗೆ ಒಂದು ಸಾಲು ಇದೆ. ನೀರಿಗೆ ಇದೆ, ಮೀನಿಗೆ ಇದೆ, ಓಝೋನಿಗೆ ಇದೆ. ಹಿತ್ತಲಲ್ಲಿ ಕೂತು ಚೀಲ ಬಡಿಯುವ ಅವ್ವನಿಗೆ ಸಾಲು ಇಲ್ಲ. ನಾನು ಎಲ್ಲಿ ತುಂಬಲಿ ಆಕೆಯನ್ನು?

ಆ ಗುಂಡಿ ಒತ್ತಿದವಳು ನಾನು. ಎಂಟು ಕಿಲೋ ವಿಷವನ್ನು ರಬ್ಬರಿಗೆ, ಮಸಿಗೆ ಹಂಚಿ ಹಸಿರು ಮಾಡಿದವಳು ನಾನು. ನಿಮ್ಮ ಪಂಖಾ ತಪ್ಪಿಸಿದವಳು ನಾನು. ನೀನು ತೂಕ ತಪ್ಪುವುದಿಲ್ಲ ಎಂದು ನನಗೆ ಗೊತ್ತಿತ್ತು. ಸಂತೋಷದಲ್ಲಿದ್ದೆ, ನಿಂತು ಯೋಚಿಸಲಿಲ್ಲ.

ಈಗ ಮಾಡಬೇಕಾದ್ದು: ಚೀಲ, ಕೌದಿ ಯಾವುದನ್ನೂ ಬಡಿಯಬೇಡಿ, ಬಿಚ್ಚಬೇಡಿ, ಸುಡಬೇಡಿ. ನೀರು ಚಿಮುಕಿಸಿ ತೋಯಿಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕಟ್ಟಿ ಇಡಿ. ನೆಲ ಗುಡಿಸದೆ ಒದ್ದೆ ಅರಿವೆಯಿಂದ ಒರೆಸಿ. ನಮ್ಮದನ್ನು ನಿನ್ನ ಅಳಿಯ ಹಾಗೆಯೇ ಕಟ್ಟಿದ್ದಾರೆ. ಕಾರ್ಖಾನೆಯ ಅಂಗಿಯಲ್ಲಿ ಮನೆಗೆ ಬರಬೇಡ. ಸಾಧ್ಯವಾದರೆ ಕೆಲಸಕ್ಕೇ ಹೋಗಬೇಡ.

ನಾನು ಆ ಕೌದಿಯಲ್ಲಿ ಆರು ತಿಂಗಳು ಮಲಗಿದ್ದೇನೆ, ಅದಕ್ಕೂ ಮೊದಲು ಇಪ್ಪತ್ತೆರಡು ವರ್ಷ. ಹೊಟ್ಟೆಯಲ್ಲಿರುವ ಕೂಸಿಗೆ ಅದು ತಲುಪಲಿಕ್ಕಿಲ್ಲ ಎಂದು ಡಾಕ್ಟರಮ್ಮ ಹೇಳಿದರು. 'ತಲುಪಲಿಕ್ಕಿಲ್ಲ' ಎಂದರು, 'ತಲುಪುವುದಿಲ್ಲ' ಎನ್ನಲಿಲ್ಲ.

ಬರೆ, ಅಪ್ಪಾ.

ಕರುಣಾ


ಸಿಕಂದರಾಬಾದ
24 ಡಿಸೆಂಬರ್ 2002

ಅಪ್ಪಾ,

ಮೂರು ವಾರವಾಯಿತು. ಮಜೀದಸಾಬರ ಅಂಗಡಿಗೆ ನಾಲ್ಕು ಸಲ ಫೋನ್ ಮಾಡಿದೆ. ಎರಡು ಸಲ ಯಾರೂ ಎತ್ತಲಿಲ್ಲ. ಮೂರನೆಯ ಸಲ "ಮನ್ಯಾಗ ಇಲ್ರಿ" ಎಂದರು, ಎಲ್ಲಿ ಎಂದು ಹೇಳಲಿಲ್ಲ. ನಾಲ್ಕನೆಯ ಸಲ ಮಜೀದಸಾಬರೇ ಎತ್ತಿ, "ಬೇಟಿ, ಅಪ್ಪನೇ ಬರೀತಾನ, ನೀ ಗಾಬರಿ ಆಗಬ್ಯಾಡ" ಎಂದರು. ಹಾಗೆ ಅಂದ ಮೇಲೆ ಗಾಬರಿಯಾಗದೆ ಇರುವುದು ಹೇಗೆ?

ಸಿಟ್ಟಿದ್ದರೆ ಬೈದು ಬರೆ. ಒಂದೇ ಸಾಲು ಬರೆ.

ಕರುಣಾ


ಶಹಾಬಾದ
3 ಜನವರಿ 2003

ಕರುಣಾ,

ನಿನ್ನ ಡಿಸೆಂಬರಿನ ಪತ್ರ ಬಂದ ದಿನ ನಾನು ಅದನ್ನು ಜೇಬಿನಲ್ಲಿಟ್ಟುಕೊಂಡು ದಸ್ತಗೀರನ ಮನೆಗೆ ಹೋದೆ. ಅವನಿಗೆ ಮಲಗಲು ಆಗುತ್ತಿರಲಿಲ್ಲ, ದಿಂಬಿಗೆ ಒರಗಿ ಕೂತಿದ್ದ. ಪತ್ರ ಓದಿದೆ. ಪೂರ್ತಿ ಕೇಳಿದ. "ಅಂದ್ರ ಟಿ.ಬಿ. ಅಲ್ಲ ಅನ್ನು. ಎಷ್ಟು ಗುಳಿಗಿ ನುಂಗಿದೆ ಯಾರ್, ಸುಮ್ಮ ಸುಮ್ಮನ" ಎಂದ. ಆಮೇಲೆ, "ಹುಡುಗಿಗಿ ಏನೂ ಅನಬ್ಯಾಡ. ಬಿಟ್ಟಾಂವ ನೀ, ಆಕಿ ಏನು ಮಾಡ್ಯಾಳು" ಎಂದ. ಡಿಸೆಂಬರ್ ಹದಿನಾರಕ್ಕೆ ತೀರಿಕೊಂಡ.

ಖರೆ. ಬಿಟ್ಟವನು ನಾನು. ಆ ನಾರಿನ ಹೆಸರು ಹೊರಗೆ ಹೇಳಬಾರದು, ಬೇರೆಯವರು ನಮ್ಮ ಮಾಲು ನಕಲು ಮಾಡುತ್ತಾರೆ ಎಂದು ದೊಡ್ಡ ಮಾಲಕರು ಮಾತು ತೆಗೆದುಕೊಂಡಿದ್ದರು. ನಿನಗೆ ಪಟ್ಟಿ ಬರೆಯುವಾಗ ಐದು ಮಾಲು ಬರೆದೆ, ಆರನೆಯದಕ್ಕೆ ಪೆನ್ನು ನಿಂತಿತು. ಮಾತಿಗಾಗಿ ನಿಂತಿತು ಎಂದುಕೊಂಡೆ. ಈಗ ಅನಿಸುತ್ತದೆ, ಹೆದರಿ ನಿಂತಿತು. ನಮ್ಮ ಖೋಲಿಯಿಂದ ನಾಲ್ಕು ಜನ ಇದೇ ಕೆಮ್ಮಿನಿಂದ ಹೋಗಿದ್ದಾರೆ. ನಾನು ಕೂಡಿಸಿರಲಿಲ್ಲ ಎಂದಲ್ಲ. ಕೂಡಿಸಿ ಇಟ್ಟಿದ್ದೆ.

ಇನ್ನೊಂದು. ಆಗಸ್ಟಿನಲ್ಲೇ ಗುಲಬರ್ಗಾದಲ್ಲಿ ಎದೆಯ ಎಕ್ಸ್‌ರೇ ಫೋಟೋ ತೆಗೆಸಿದ್ದೆ. ಡಾಕ್ಟರು "ಏನು ಕೆಲಸ ಮಾಡ್ತೀರಿ?" ಎಂದು ಕೇಳಿದರು. ಕಲ್ಲಿನ ಕೆಲಸ ಎಂದೆ. ಅಲ್ಲಿಯೂ ಹೆಸರು ಹೇಳಲಿಲ್ಲ. ಎರಡೂ ಕಡೆ ನೆರಳು ಇದೆ ಎಂದರು, ಗುಳಿಗೆ ಬರೆದರು. ನಿನಗೆ 'ಆರಾಮ' ಎಂದು ಬರೆದದ್ದೆಲ್ಲ ಆ ಗುಳಿಗೆ ನುಂಗುತ್ತಲೇ ಬರೆದದ್ದು.

ದಸ್ತಗೀರನನ್ನು ಮಣ್ಣು ಮಾಡಿದ ಮೂರನೆಯ ದಿನ ಕಾರ್ಖಾನೆಗೆ ಹೋದೆ. ಸ್ಟೂಲು ಹಾಕಿಕೊಂಡು ನಿನ್ನ ಹಸಿರು ಹಾಳೆ ಇಳಿಸಿದೆ. ಪ್ಲಾಸ್ಟಿಕ್ ಸೀಳಿ, ಐದು ಮಾಲಿನ ಕೆಳಗೆ ನನ್ನ ಕೈಯಿಂದ ಬರೆದೆ: ಕಲ್ನಾರು, ಎಂಟು ಕಿಲೋ. ಕೂಡಿಸಿ ನಲವತ್ತು ಎಂದು ಗೆರೆ ಎಳೆದು, ಸಹಿ ಮಾಡಿ, ಅದೇ ಮೊಳೆಗೆ ಮತ್ತೆ ಹಾಕಿದೆ. ಹುಡುಗರು ಡ್ರಮ್ ನಿಲ್ಲಿಸಿ ನೋಡಿದರು. ಮಾಲಕರು ಸಂಜೆಯೊಳಗೆ ನನ್ನನ್ನು ಮನೆಗೆ ಕಳಿಸಿದರು. "ಮಾತು ಮುರದಿ, ಜಗದೇವಪ್ಪ" ಎಂದರು. ಮುರಿದೆ. ಈಗ ಆ ಹಾಳೆ ಅಲ್ಲಿಲ್ಲ. ಆದರೆ ಹದಿಮೂರು ಜನ ಓದಿದ್ದಾರೆ. ಡ್ರಮ್ ಮುಂದೆ ನಿಲ್ಲಲು ಯಾರೂ ಒಪ್ಪುತ್ತಿಲ್ಲ. ಎಷ್ಟು ದಿನವೋ ಗೊತ್ತಿಲ್ಲ, ಅವರ ಮನೆಯಲ್ಲೂ ಒಲೆ ಉರಿಯಬೇಕು.

ನಿಮ್ಮವ್ವನಿಗೆ ಎಲ್ಲ ಹೇಳಿದೆ. ಆಕೆ ಎದ್ದು ಕೂಸಿನ ಕೌದಿಗೆ ನೀರು ಚಿಮುಕಿಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಸತ್ತವರನ್ನು ಕಟ್ಟಿದ ಹಾಗೆ ಕಟ್ಟಿ ಹಿತ್ತಲಲ್ಲಿ ಇಟ್ಟಳು. ಸಂಜೆ ಒಂದೇ ಮಾತು ಕೇಳಿದಳು: "ನಾ ನನ್ನ ಮಗಳಿಗಿ ಏನು ಹೊಚ್ಚಿದೆ?"

ಇದಕ್ಕೆ ಉತ್ತರ ನೀನು ಬಂದು ಹೇಳಬೇಕು. ಆಕೆಗೂ ರಾತ್ರಿ ಕೆಮ್ಮು ಬರುತ್ತದೆ.

ನಿನ್ನ ಅಪ್ಪ


ಸಿಕಂದರಾಬಾದ
11 ಜನವರಿ 2003

ಅಪ್ಪಾ, ಅವ್ವಾ,

ಬರುತ್ತಿದ್ದೇನೆ. ಕುಬಸದವರೆಗೆ ಕಾಯುವುದಿಲ್ಲ.

ದಸ್ತಗೀರ ಕಾಕಾನ ಸುದ್ದಿ ಓದಿ ಆಫೀಸಿನಲ್ಲೇ ಅತ್ತೆ. ನಂದಕಿಶೋರ್ ಸರ್ ಪತ್ರ ಇಸಿದುಕೊಂಡು ಓದಿದರು. ನಾನು ಆಫೀಸಿನ ತಂತ್ರಾಂಶದಲ್ಲಿ ಹೊರಗಿನ ಕಾರ್ಖಾನೆಯ ಲೆಕ್ಕ ಮಾಡಿ ಹಾಳೆ ಹೊರಗೆ ಕಳಿಸಿದ್ದು ತಪ್ಪು, ನೌಕರಿ ಹೋಗಬಹುದು ಎಂದರು. ಆಮೇಲೆ ತಾವೇ ಕೂತು ಕೆಂಪು ಹಾಳೆಯನ್ನು ಮೂರು ಪ್ರತಿ ತೆಗೆದು, ಪ್ರಯೋಗಶಾಲೆಯ ವರದಿ ಹಚ್ಚಿ, ಕೆಳಗೆ ತಮ್ಮ ಸಹಿ ಹಾಕಿಕೊಟ್ಟರು. "ತಪ್ಪು ಹಾಳಿಗಿ ನಿಮ್ಮಪ್ಪನ ಹೆಸರು ಇತ್ತು, ಸರಿ ಹಾಳಿಗಿ ನನ್ನದೂ ಇರ್ಲಿ" ಎಂದರು. ಒಂದು ಪ್ರತಿ ಗುಲಬರ್ಗಾದ ಕಾರ್ಖಾನೆ ಇನ್‌ಸ್ಪೆಕ್ಟರರಿಗೆ. ಒಂದು ಹದಿಮೂರು ಜನರಿಗೆ, ನಾನೇ ಓದಿ ಹೇಳುತ್ತೇನೆ. ಇನ್ನೊಂದು ಡಾಕ್ಟರಿಗೆ.

ಇಲ್ಲಿ ಎದೆಯ ದೊಡ್ಡ ಆಸ್ಪತ್ರೆಯಲ್ಲಿ ನಿನ್ನ ಅಳಿಯ ದಿನ ಗೊತ್ತುಮಾಡಿದ್ದಾರೆ, ನಿನಗೆ ಮತ್ತು ಅವ್ವನಿಗೆ. ನನ್ನನ್ನೂ ನೋಡುತ್ತಾರೆ, ಆದರೆ ಹೆರಿಗೆಯವರೆಗೆ ಫೋಟೋ ತೆಗೆಯುವುದಿಲ್ಲವಂತೆ. ಜೂನಿನವರೆಗೆ ತಿಳಿಯದೆ ಇರಬೇಕು. ಕೂಸು ಈಗ ಒಳಗೆ ಮೀನಿನಂತೆ ಹೊರಳುತ್ತದೆ. ಹೊರಳಿದಾಗಲೆಲ್ಲ ನಾನು ಉಸಿರು ಹಿಡಿದು ಎಣಿಸುತ್ತೇನೆ.

ಡಾಕ್ಟರ ಮುಂದೆ ನೀನು ಹೆಸರು ಹೇಳಬೇಕು, ಅಪ್ಪಾ. ಏನು ಕೆಲಸ ಎಂದು ಕೇಳಿದರೆ ಪೂರ್ತಿ ಪಟ್ಟಿ ಹೇಳಬೇಕು, ಆರೂ ಮಾಲು. ಕಲಿತುಕೊಂಡು ಇರು.

ಅವ್ವಾ, ಮಗಳಿಗೆ ಏನು ಹೊಚ್ಚಿದೆ ಎಂದು ಕೇಳಿದ್ದಿ. ನೀನು ನನಗೆ ಬೆಚ್ಚಗೆ ಹೊಚ್ಚಿದೆ, ಅಷ್ಟು ಗೊತ್ತು. ಒಳಗೆ ಏನಿತ್ತೆಂದು ನಿನಗೆ ಹೇಳಬೇಕಾದವರು ಹೇಳಲಿಲ್ಲ, ಹೇಳಬಹುದಾಗಿದ್ದ ನಾನು ಗುಂಡಿ ಒತ್ತಿದೆ. ನಿನ್ನ ಮದುವೆಯ ಸೀರೆ ಹೋಯಿತಲ್ಲ ಎಂದು ನನ್ನ ಮದುವೆಯದನ್ನು ತರುತ್ತಿದ್ದೇನೆ. ಇದರಲ್ಲಿ ಹೊಲಿ. ಒಳಗೆ ನಿನ್ನ ಹಳೆಯ ಸೀರೆಗಳನ್ನೇ ಹಾಕು, ಬೇರೇನೂ ಬೇಡ. ನಾನು ಪಕ್ಕದಲ್ಲಿ ಕೂತು ಸೂಜಿಗೆ ದಾರ ಪೋಣಿಸುತ್ತೇನೆ.

ಸ್ಟೇಷನ್ನಿಗೆ ನಡೆದು ಬರಬೇಡಿ, ಇಬ್ಬರೂ ಟಾಂಗಾದಲ್ಲಿ ಬನ್ನಿ. ಎಷ್ಟೇ ಚಳಿ ಇದ್ದರೂ ಅವ್ವ ಕೌದಿ ಹೊದ್ದು ಬರಬಾರದು. ಎರಡು ಶಾಲು ತರುತ್ತಿದ್ದೇನೆ, ಇಳಿದ ಕೂಡಲೇ ಹೊಚ್ಚುತ್ತೇನೆ. ಸೇಡಂ, ಚಿತ್ತಾಪುರ ದಾಟುವವರೆಗೆ ನಿನ್ನ ಅಳಿಯ ನನ್ನನ್ನು ಮಲಗಿಸುತ್ತಾರಂತೆ. ವಾಡಿಯಲ್ಲಿ ಏಳುತ್ತೇನೆ. ಅಲ್ಲಿಂದ ಬಾಗಿಲಲ್ಲೇ ನಿಂತಿರುತ್ತೇನೆ.

ಜನವರಿ ಹದಿನೆಂಟು, ಶನಿವಾರ. ಸೊಲ್ಲಾಪುರ ಪ್ಯಾಸೆಂಜರ್.